ನಾಯಿಗೆ ಸಂತಾನಹರಣ ಆಪರೇಷನ್: ಹುಷಾರಾಗಿರಬೇಕಾದದ್ದು ಮೂರನೆಯ ದಿನದಿಂದ

ಹೆಣ್ಣು ನಾಯಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸುವಾಗ ಎಲ್ಲರೂ ಹೆದರುವುದು ಟೇಬಲ್ ಮೇಲಿನ ಆ ಒಂದು ಗಂಟೆಗೆ. ಅದು ಡಾಕ್ಟರ ಕೈಯಲ್ಲಿರುವ ಕೆಲಸ, ಅವರಿಗೇ ಬಿಡಿ. ಮನೆಯವರ ಕೆಲಸ ನಿಜವಾಗಿ ಶುರುವಾಗುವುದು ಮೂರನೆಯ ದಿನ. ಅಷ್ಟು ಹೊತ್ತಿಗೆ ನೋವು ಇಳಿದಿರುತ್ತದೆ, ನಾಯಿ ಬಾಲ ಅಲ್ಲಾಡಿಸುತ್ತಾ ಗೇಟಿನ ಕಡೆ ಓಡುತ್ತದೆ, ಮನೆಯವರು ವಾಸಿಯಾಯಿತೆಂದು ಗಾಯ ನೆಕ್ಕದಿರಲೆಂದು ಕೊರಳಿಗೆ ಹಾಕಿದ ಆಲಿಕೆಯಾಕಾರದ ಕೋನ್ ಬಿಚ್ಚಿಬಿಡುತ್ತಾರೆ. ಹೊಲಿಗೆ ಕೀಳುವುದು, ಕೀವು ತುಂಬುವುದು ಹೆಚ್ಚಾಗಿ ಆಗಲೇ. ಮೇಲಿನ ಚರ್ಮ ಕೂಡಿದಂತೆ ಕಂಡರೂ ಒಳಗೆ ಹೊಟ್ಟೆಯ ಪದರವನ್ನು ಹಿಡಿದಿಟ್ಟಿರುವುದು ಇನ್ನೂ ದಾರವೇ.

ಮೊದಲು ದಿನ ಗೊತ್ತು ಮಾಡುವ ವಿಷಯ. ಸಣ್ಣ ಮೈಯ ನಾಯಿಗೆ 6 ತಿಂಗಳು ತುಂಬಿದರೆ ಸಾಮಾನ್ಯವಾಗಿ ಮಾಡುತ್ತಾರೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ಜಾತಿಗೆ ಮೂಳೆ ಬಲಿಯಲಿ ಎಂದು ವರ್ಷ ದಾಟುವವರೆಗೆ ಕಾಯಿಸುವುದುಂಟು. ಬೆದೆಯಲ್ಲಿರುವಾಗ ಮಾತ್ರ ಅವಸರ ಬೇಡ. ಆಗ ಗರ್ಭಕೋಶದ ರಕ್ತನಾಳಗಳು ಉಬ್ಬಿರುವುದರಿಂದ ರಕ್ತ ಜಾಸ್ತಿ ಹೋಗುತ್ತದೆ. ಬೆದೆ ಇಳಿದ ಮೇಲೆ 2–3 ತಿಂಗಳು ಬಿಟ್ಟು ಮಾಡಿಸಿ. ಅದಕ್ಕೇ ಬೆದೆ ಶುರುವಾದ ತಾರೀಕನ್ನು ಕ್ಯಾಲೆಂಡರ್ ಮೇಲೆ ಬರೆದಿಡುವುದು ಒಳ್ಳೆಯ ರೂಢಿ.

ನಮ್ಮ ಕಡೆ ನಾಯಿಗಳಿಗೆ ಉಣ್ಣಿ ಕಾಟ ಹೆಚ್ಚು. ಉಣ್ಣಿ ಜ್ವರ ಒಳಗೊಳಗೇ ಇದ್ದರೆ ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಕುಸಿದಿರುತ್ತವೆ. ಹೊರಗಿನಿಂದ ನಾಯಿ ಚೆನ್ನಾಗಿಯೇ ಕಾಣುತ್ತದೆ, ಕೊಯ್ದಾಗ ರಕ್ತ ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ ವಾರದೊಳಗಿನ ರಕ್ತಪರೀಕ್ಷೆ ಇರಲಿ. ಪ್ಲೇಟ್‌ಲೆಟ್, ಕಿಡ್ನಿ, ಲಿವರ್ ಮೂರನ್ನೂ ನೋಡಿಸಿ, ದುಡ್ಡು ಉಳಿಸುವ ಜಾಗ ಇದಲ್ಲ. ಲಸಿಕೆ, ಜಂತುಹುಳುವಿನ ಮಾತ್ರೆ ಕೆಲವು ವಾರ ಮೊದಲೇ ಮುಗಿದಿರಬೇಕು. ಮುಧೋಳ ನಾಯಿ ಸಾಕಿದವರು ಜಾತಿಯನ್ನು ಡಾಕ್ಟರಿಗೆ ಹೇಳಲೇಬೇಕು. ಅದರ ಮೈಯಲ್ಲಿ ಕೊಬ್ಬು ಕಡಿಮೆ. ಕೆಲವು ಮತ್ತಿನ ಔಷಧಗಳು ಬೇಗ ಇಳಿಯುವುದಿಲ್ಲ, ಮೈಯೂ ಬೇಗ ತಣ್ಣಗಾಗುತ್ತದೆ.

ಹಿಂದಿನ ದಿನ ಸ್ನಾನ ಮಾಡಿಸಿ ಚೆನ್ನಾಗಿ ಒಣಗಿಸಿ, ಆಮೇಲೆ ಎರಡು ವಾರ ನೀರು ಸೋಕಿಸುವ ಹಾಗಿಲ್ಲ. ಬೆಳೆದ ನಾಯಿಗೆ ರಾತ್ರಿಯ ಊಟವೇ ಕೊನೆ, 8ರಿಂದ 12 ಗಂಟೆ ಹೊಟ್ಟೆ ಖಾಲಿ ಇರಬೇಕು. ನೀರನ್ನು ಯಾವಾಗ ತೆಗೆಯಬೇಕೆಂದು ಡಾಕ್ಟರನ್ನೇ ಕೇಳಿ. ತೀರಾ ಎಳೆಯ ಮರಿಯಾದರೆ ಇಷ್ಟು ಹೊತ್ತು ಉಪವಾಸ ಕೆಡವಬಾರದು, ಸಕ್ಕರೆ ಅಂಶ ಇಳಿದು ಸುಸ್ತಾಗುತ್ತದೆ. ಉಪವಾಸ ಯಾಕೆಂದರೆ, ಮತ್ತಿನಲ್ಲಿ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಬೆಳಿಗ್ಗೆ ಕಾಫಿ ಹೊತ್ತಿಗೆ ಮಕ್ಕಳೋ ಅಜ್ಜನೋ ಪಾಪ ಅಂತ ಒಂದು ಬಿಸ್ಕತ್ತು ಹಾಕಿಬಿಡುತ್ತಾರೆ, ಮನೆಮಂದಿಗೆಲ್ಲ ಮೊದಲೇ ಹೇಳಿಡಿ. ಹಾಕಿಯೇಬಿಟ್ಟಿದ್ದರೆ ಡಾಕ್ಟರಿಂದ ಮುಚ್ಚಿಡಬೇಡಿ, ದಿನ ಮುಂದೆ ಹೋದರೂ ಪರವಾಗಿಲ್ಲ.

ಕೋನನ್ನು ಎರಡು ದಿನ ಮೊದಲೇ ತಂದು ಸ್ವಲ್ಪ ಸ್ವಲ್ಪ ಹೊತ್ತು ಹಾಕಿ ರೂಢಿ ಮಾಡಿಸಿ. ಅದರ ಅಂಚು ಮೂಗಿಗಿಂತ ಒಂದು ಇಂಚು ಮುಂದಿರಬೇಕು, ಕುತ್ತಿಗೆಯ ಹತ್ತಿರ ಎರಡು ಬೆರಳು ತೂರಬೇಕು. ಗಿಡ್ಡ ಕೋನ್ ಹಾಕಿದರೆ ನಾಯಿ ಬಗ್ಗಿ ನೆಕ್ಕಿಯೇ ನೆಕ್ಕುತ್ತದೆ. ‘ನಾಯಿಯ ನಾಲಗೆಯಲ್ಲೇ ಮದ್ದಿದೆ’ ಎನ್ನುವ ಮಾತನ್ನು ಇಲ್ಲಿ ನಂಬಬೇಡಿ, ನೆಕ್ಕಿದ ಗಾಯ ಒದ್ದೆಯಾಗಿ ಕೊಳೆಯುತ್ತದೆ, ಹಲ್ಲಿಗೆ ಸಿಕ್ಕ ದಾರ ಬಿಚ್ಚಿ ಬರುತ್ತದೆ. ಕೋನ್ ಸಹಿಸದ ನಾಯಿಗೆ ಹಳೆಯ ಹತ್ತಿ ಟೀಶರ್ಟ್ ಆಗುತ್ತದೆ. ತಲೆ, ಮುಂಗಾಲು ತೂರಿಸಿ, ಕೆಳಗಿನ ಸಡಿಲ ಬಟ್ಟೆಯನ್ನು ಬೆನ್ನ ಮೇಲೆ ಗಂಟು ಹಾಕಿ. ಉಚ್ಚೆಗೆ ಬಿಡುವಾಗ ಗಂಟು ಸಡಿಲಿಸಿ ಮೇಲೆತ್ತಿ, ಒದ್ದೆಯಾದರೆ ಕೂಡಲೇ ಬದಲಿಸಿ.

ಮನೆಗೆ ತರುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಕೊಟ್ಟು ಎತ್ತಿ, ಹೊಟ್ಟೆಗೆ ಕೈ ಹಾಕಿ ಎತ್ತಬೇಡಿ. ಔಷಧದ ಮತ್ತು ಇಳಿಯುವವರೆಗೆ ಗ್ರಾನೈಟ್, ಮೊಸಾಯಿಕ್ ನೆಲ ಬೇಡ, ಮೈ ಬೆಚ್ಚಗಿದ್ದಷ್ಟೂ ಬೇಗ ಚೇತರಿಸಿಕೊಳ್ಳುತ್ತದೆ. ಗೋಣಿಚೀಲದ ಮೇಲೆ ಒಗೆದ ಹಳೆಯ ಸೀರೆ ನಾಲ್ಕು ಮಡಿಕೆ ಮಾಡಿ ಹಾಸಿ, ಬಿಳಿಯದಾದರೆ ಇನ್ನೂ ಒಳ್ಳೆಯದು, ರಕ್ತದ ಕಲೆ ಬಿದ್ದರೆ ಕಣ್ಣಿಗೆ ಬೀಳುತ್ತದೆ. ಆ ದಿನ ತೂಕಡಿಕೆ, ಸಣ್ಣ ನಡುಕ, ಕುಂಯ್ ಕುಂಯ್ ಅನ್ನುವುದು ಸಹಜ. ಗಂಟಲಿಗೆ ಕೊಳವೆ ಹಾಕಿದ್ದರೆ ಒಂದೆರಡು ದಿನ ಕೆಮ್ಮೂ ಇರಬಹುದು. ಸಂಜೆ ಮೊದಲು ಒಂದೊಂದು ಗುಟುಕು ನೀರು, ವಾಂತಿಯಾಗದಿದ್ದರೆ ಮಾಮೂಲಿನ ಅರ್ಧಕ್ಕಿಂತ ಕಡಿಮೆ ಮೆತ್ತಗಿನ ಅನ್ನ, ಜೊತೆಗೆ ಬೇಯಿಸಿದ ಕೋಳಿ ಅಥವಾ ಸ್ವಲ್ಪ ಮೊಸರು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಬೇಡವೇ ಬೇಡ. ಎರಡು ಮೂರು ದಿನ ಹೇಲದಿದ್ದರೆ ಗಾಬರಿಯಾಗಬೇಡಿ, ಹೊಟ್ಟೆ ಖಾಲಿ ಇತ್ತಲ್ಲ. ಉಚ್ಚೆ ಮಾತ್ರ ಒಂದು ದಿನದೊಳಗೆ ಆಗಲೇಬೇಕು.

ನೋವಿನ ಮಾತ್ರೆ ಡಾಕ್ಟರು ಬರೆದದ್ದನ್ನೇ, ಬರೆದಷ್ಟೇ ಕೊಡಿ, ಊಟದ ಮೇಲೆ. ನಮ್ಮ ಡಬ್ಬಿಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಡಬೇಡಿ. ಹೊಟ್ಟೆ ಹುಣ್ಣಾಗಿ ರಕ್ತ ಕಾರುವುದು, ಲಿವರ್ ಕಿಡ್ನಿ ಕೆಡುವುದು ಇದರಿಂದಲೇ.

ಗಾಯವನ್ನು ದಿನಕ್ಕೆ ಎರಡು ಸಲ ಹಗಲು ಬೆಳಕಿನಲ್ಲಿ ನೋಡಿ, ಫೋನಿನಲ್ಲಿ ಒಂದು ಚಿತ್ರ ತೆಗೆದಿಡಿ. ನಿನ್ನೆಗಿಂತ ಊತ ಹೆಚ್ಚಿದೆಯೋ ಎಂಬ ವಾದವೇ ಬರುವುದಿಲ್ಲ. ಮೊದಲ ಎರಡು ಮೂರು ದಿನ ತೆಳು ಕೆಂಪು, ಕಂದು ಕಲೆ, ಸ್ವಲ್ಪ ಉಬ್ಬು ಇದ್ದೇ ಇರುತ್ತದೆ. ಅರಿಶಿನ, ಕೊಬ್ಬರಿ ಎಣ್ಣೆ, ಡೆಟಾಲ್ ಯಾವುದನ್ನೂ ಹಚ್ಚಬೇಡಿ, ಒಣಗಿದ್ದರೆ ಸಾಕು. ಮಳೆಗಾಲದಲ್ಲಿ ನೊಣ ಕೂತು ಹುಳು ಬೀಳುವುದು ಬಹಳ ಬೇಗ. ಹೊರಗೆ ಕಟ್ಟಬೇಡಿ, ನೊಣ ಓಡಿಸುವ ಸ್ಪ್ರೇಯನ್ನು ಡಾಕ್ಟರಿಂದಲೇ ಬರೆಸಿಕೊಳ್ಳಿ.

ಒಸಡು ನೋಡುವುದನ್ನು ಆಪರೇಷನ್‌ಗೆ ಮೊದಲೇ ಕಲಿತಿರಿ. ತುಟಿ ಎತ್ತಿ ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಒಸಡು ಬಿಳಿಚಿ, ಹೊಟ್ಟೆ ಉಬ್ಬಿ, ನಾಯಿ ಏಳಲಾರದೆ ಮಲಗಿದರೆ ಒಳಗೆ ರಕ್ತ ಹೋಗುತ್ತಿರಬಹುದು. ರಾತ್ರಿ ಎಷ್ಟೇ ಹೊತ್ತಾಗಿರಲಿ, ಹೊರಡಿ. ಗಾಯ ಬಾಯಿ ಬಿಟ್ಟರೆ, ವಾಸನೆ ಬಂದರೆ, ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ಮರುದಿನವೂ ವಾಂತಿ ನಿಲ್ಲದಿದ್ದರೆ ಆ ದಿನವೇ ತೋರಿಸಿ.

ಮೂರನೆಯ ದಿನದಿಂದ ಹಗ್ಗ ಕೈಯಲ್ಲೇ ಇರಲಿ. 10ರಿಂದ 14 ದಿನ ಉಚ್ಚೆ ಕಕ್ಕಸ್ಸಿಗೆ ಐದು ನಿಮಿಷ ನಡೆಸಿದರೆ ಸಾಕು. ಮೆಟ್ಟಿಲು, ಸೋಫಾ, ಬೇರೆ ನಾಯಿಯ ಜೊತೆ ಕುಣಿತ ಬೇಡ. ಹಾರಿದಾಗ ಒಳಗಿನ ಪದರ ಜಗ್ಗಿ ನೀರು ತುಂಬಿಕೊಂಡು ನಿಂಬೆಹಣ್ಣಿನಷ್ಟು ಊದುತ್ತದೆ, ಅದನ್ನು ಚುಚ್ಚಬೇಡಿ, ತೋರಿಸಿ. ಬೇಜಾರಿಗೆ ಕೋನ್ ಕಚ್ಚುವ ನಾಯಿಗೆ ಒದ್ದೆ ಬಟ್ಟೆಯ ಮಡಿಕೆಯಲ್ಲಿ ತಿಂಡಿ ಬಚ್ಚಿಟ್ಟು ಹುಡುಕಲು ಬಿಡಿ, ಕೂತಲ್ಲೇ ದಣಿಯುತ್ತದೆ. ಕರಗುವ ದಾರ ಹಾಕಿದ್ದರೂ ಹತ್ತನೆಯ ದಿನದ ಮೇಲೆ ಒಮ್ಮೆ ತೋರಿಸಿಯೇ ಕೋನ್ ಬಿಚ್ಚಿ.

ಗಂಡು ನಾಯಿಯ ಗಾಯ ಚಿಕ್ಕದು, ಬೇಗ ಮಾಗುತ್ತದೆ, ಆದರೆ ಓಡಾಡಿದರೆ ಬೀಜದ ಚೀಲದಲ್ಲಿ ರಕ್ತ ತುಂಬಿ ಊದುತ್ತದೆ. ಬೀಜ ತೆಗೆದ ಮೇಲೂ ಒಂದು ತಿಂಗಳಿಗೂ ಹೆಚ್ಚು ದಿನ ಬೆದೆಯ ನಾಯಿಯ ಹತ್ತಿರ ಬಿಡಬೇಡಿ, ಒಳಗೆ ಉಳಿದ ವೀರ್ಯದಿಂದ ಮರಿಯಾಗಬಹುದು. ಗಂಡಾಗಲಿ ಹೆಣ್ಣಾಗಲಿ, ಗಾಯ ಮಾಗಿದ ಮೇಲೆ ಹಸಿವು ಹೆಚ್ಚಿ ಮೈ ಬರುತ್ತದೆ. ಹಾಕುವ ಅನ್ನವನ್ನು ಕಾಲು ಭಾಗದಷ್ಟು ಇಳಿಸಿ, ತಿಂಗಳಿಗೊಮ್ಮೆ ತೂಕ ನೋಡಿ. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಬೆರಳಿಗೆ ಸಿಗುವಷ್ಟಿರಲಿ.