ಬೀಜವನ್ನೆಲ್ಲ ಒಂದೇ ದಿನ ಬಿತ್ತುವುದನ್ನು ಬಿಟ್ಟ ಮೇಲೆ

ಮೊದಲ ಮಳೆ ಬಿದ್ದ ಮರುದಿನವೇ ಇಡೀ ಹೊಲ ಬಿತ್ತಿ ಮುಗಿಸುವುದು ನಮ್ಮ ಮನೆಯ ರೂಢಿಯಾಗಿತ್ತು. ಒಂದು ವರ್ಷ ಹಾಗೆ ಬಿತ್ತಿದ ಮೇಲೆ ಮೂರು ವಾರ ಹನಿ ಬೀಳಲಿಲ್ಲ. ಪೈರು ಒಣಗಿತು, ಮತ್ತೆ ಬಿತ್ತೋಣ ಅಂದರೆ ಮನೆಯಲ್ಲಿ ಬೀಜವೇ ಇರಲಿಲ್ಲ. ಆಮೇಲೆ ಬಂದ ಮಳೆ ಒಂದೇ ರಾತ್ರಿ ಸುರಿದು ಮೇಲಿನ ತಾಕಿನ ಮಣ್ಣನ್ನೂ ಹಳ್ಳಕ್ಕೆ ಒಯ್ದಿತು.

ಹಾಗಾಗಿ ಮೊದಲು ಮಣ್ಣು ಹಿಡಿಯುವ ಕೆಲಸ. ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ಉಳುತ್ತಿದ್ದೆವು, ಅಂದರೆ ಒಂದೊಂದು ಸಾಲೂ ನೀರು ಓಡಲು ಕಾಲುವೆ ಆದ ಹಾಗೆ, ಅಲ್ವಾ? ಈಗ ಅಡ್ಡ ಉಳುತ್ತೇವೆ. ಮಟ್ಟ ಗುರುತಿಸಲು ಎರಡು ಉದ್ದ ಕೋಲಿನ ಮೇಲ್ತುದಿ ಜೋಡಿಸಿ, ಕೆಳಗೆ ಎರಡು ಕಾಲಿನಂತೆ ಅಗಲಿಸಿ, ನಡುವೆ ಅಡ್ಡಪಟ್ಟಿ ಹೊಡೆದು, ಮೇಲಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟೆ. ದಾರ ಪಟ್ಟಿಯನ್ನು ಮುಟ್ಟಿದಲ್ಲಿ ಗುರುತು ಹಾಕಿ, ಎರಡು ಕಾಲುಗಳ ಜಾಗ ಅದಲುಬದಲು ಮಾಡಿ ಮತ್ತೊಂದು ಗುರುತು ಹಾಕಬೇಕು. ಎರಡು ಗುರುತುಗಳ ನಟ್ಟನಡುವೆ ದಾರ ನಿಂತರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ. ಹೀಗೆ ಹೊಲದುದ್ದಕ್ಕೂ ಹೆಜ್ಜೆ ಹಾಕಿಸುತ್ತಾ ಗೂಟ ನೆಟ್ಟು, ಗೂಟದ ಸಾಲಿಗೆ ಹುಲ್ಲು ನೆಟ್ಟೆವು. ಇಳಿಜಾರು ಜಾಸ್ತಿ ಇದ್ದಲ್ಲಿ ಸಾಲುಗಳು ಹತ್ತಿರ ಹತ್ತಿರ. ಹುಲ್ಲಿನ ಹಿಂದೆ ಮಣ್ಣು ನಿಂತು ನಿಂತು ಬದು ತಾನಾಗಿಯೇ ಬೆಳೆಯಿತು. ಮೊದಲ ವರ್ಷ ಬೇಸಿಗೆಯಲ್ಲಿ ನೆಟ್ಟು ಅರ್ಧ ಹುಲ್ಲು ಸತ್ತಿತ್ತು, ನೀವು ಮಳೆ ಹಿಡಿದ ಮೇಲೆಯೇ ನೆಡಿ.

ಬಿತ್ತನೆ ಈಗ ಒಂದೆರಡು ವಾರದ ಅಂತರದಲ್ಲಿ ಎರಡು ಕಂತು. ಬೀಜದ ಮೂರನೇ ಒಂದು ಪಾಲು ಯಾವತ್ತೂ ಮನೆಯಲ್ಲೇ ಇರುತ್ತದೆ. ಬೇಗ ಕೊಯ್ಲಿಗೆ ಬರುವ ತಳಿ ಮೇಲಿನ ತೆಳು ಮಣ್ಣಿಗೆ, ತಡವಾಗಿ ಬರುವುದು ತೇವ ನಿಲ್ಲುವ ಕೆಳಗಿನ ತಾಕಿಗೆ. ಸಿರಿಧಾನ್ಯದ ನಡುವೆ ದ್ವಿದಳ ಕಾಳಿನ ಸಾಲು ಇದ್ದೇ ಇರುತ್ತದೆ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿಯುತ್ತವೆ, ಒಂದು ಬೆಳೆ ಸೋತರೂ ಇನ್ನೊಂದು ಊಟಕ್ಕೆ ಸಿಗುತ್ತದೆ.

ಬೀಜ ಕಾಪಾಡುವುದೇ ಕಷ್ಟದ ಕೆಲಸ, ಇದನ್ನು ಸುಮ್ನೆ ಹೇಳುತ್ತಿಲ್ಲ. ತೇವ ಶೇ. 12ಕ್ಕಿಂತ ಕೆಳಗೆ ಇಳಿಯಬೇಕು. ಅಳೆಯಲು ನಮ್ಮಲ್ಲಿ ಯಂತ್ರ ಇಲ್ಲ, ಕಾಳು ಕಚ್ಚಿ ನೋಡುತ್ತೇವೆ: ಕಟ್ ಅಂತ ಮುರಿದರೆ ಸರಿ, ಹಲ್ಲಿಗೆ ಮೆತ್ತಗೆ ಸಿಕ್ಕರೆ ಮತ್ತೆ ಬಿಸಿಲಿಗೆ. ಆಮೇಲೆ ಒಣ ಬೂದಿ ಬೆರೆಸಿ ಮಡಕೆಗೆ ತುಂಬಿ ಬಾಯಿ ಬಿಗಿಯುತ್ತೇವೆ.

ಹೋದ ವರ್ಷ ಮೊದಲ ಕಂತು ಮತ್ತೆ ಒಣಗಿತು. ಅಮ್ಮ ಬೀಜದ ಮಡಕೆ ಬಿಚ್ಚಿದರು, ಎರಡೇ ದಿನದಲ್ಲಿ ಮರುಬಿತ್ತನೆ ಮುಗಿಸಿದೆವು. ಮಾರಲು ಏನೂ ಉಳಿಯಲಿಲ್ಲ, ಆದರೆ ಮುಂದಿನ ಕೊಯ್ಲಿನವರೆಗೂ ಮನೆಯ ಕಾಳನ್ನೇ ಉಂಡೆವು.