ಆಫ್ರಿಕಾದ ಹಳ್ಳಿಗಳಲ್ಲಿ ಊರವರೇ ನಡೆಸುವ ಕುಡಿಯುವ ನೀರಿನ ಬಾವಿ: ಮಾಡಬೇಕಾದ ಕ್ರಮ

ಸಹಾರಾದ ದಕ್ಷಿಣಕ್ಕಿರುವ 20 ದೇಶಗಳ ಕೈಪಂಪುಗಳ ಬಗ್ಗೆ 2009ರಲ್ಲಿ ಒಟ್ಟುಗೂಡಿಸಿದ ಅಂಕಿಅಂಶಗಳ ಪ್ರಕಾರ, ಸರಾಸರಿ ಶೇ 36ರಷ್ಟು ಪಂಪುಗಳು ಕೆಲಸ ಮಾಡುತ್ತಿರಲಿಲ್ಲ. ಅವುಗಳಲ್ಲಿ ಅನೇಕವು ನಿಂತದ್ದು ಕೆಳಗೆ ನೀರಿಲ್ಲದೆ ಅಲ್ಲ. ಸವೆದ ಒಂದು ಸೀಲು ಅಥವಾ ತುಂಡಾದ ಒಂದು ಸರಳನ್ನು ಬದಲಿಸಲು ಹಣವನ್ನಾಗಲಿ, ಬಿಡಿಭಾಗವನ್ನಾಗಲಿ, ಕೆಲಸ ಬಲ್ಲವರನ್ನಾಗಲಿ ಊರು ಮೊದಲೇ ಹೊಂದಿಸಿಕೊಂಡಿರಲಿಲ್ಲ. ಆದ್ದರಿಂದ ಗುದ್ದಲಿ ಹಿಡಿಯುವ ಮೊದಲು ಸಮಿತಿ ರಚನೆಯಾಗಬೇಕು.

ಸಮಿತಿಯಲ್ಲಿ ಅಧ್ಯಕ್ಷರು, ಖಜಾಂಚಿ, ಪಂಪು ನೋಡಿಕೊಳ್ಳುವ ಇಬ್ಬರು ಇದ್ದರೆ ಸಾಕು. ಅವರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಲಿ, ಮತ್ತು ಅವರ ಕೈಯಲ್ಲಿ ನಿಜವಾದ ಅಧಿಕಾರವೂ ಇರಲಿ. ನೀರು ಹೊರುವವರು ಬಹುಪಾಲು ಅವರೇ ಆಗಿರುವುದರಿಂದ ಪಂಪು ಕೆಟ್ಟ ದಿನ ಮೊದಲು ತಿಳಿಯುವುದೂ ಅವರಿಗೇ. ವಂತಿಗೆಯನ್ನು ಪ್ರತಿ ತಿಂಗಳು ಎತ್ತುವುದೋ, ಕೊಯ್ಲಿನ ನಂತರ ಒಮ್ಮೆಲೇ ಎತ್ತುವುದೋ ಎಂಬುದನ್ನು ಊರಿನ ಸಭೆಯೇ ತೀರ್ಮಾನಿಸಲಿ. ರೈತರ ಕೈಯಲ್ಲಿ ಹಣ ಆಡುವ ಕಾಲ ಕೊಯ್ಲಿನದೇ ಆದ್ದರಿಂದ ಎರಡನೆಯ ಕ್ರಮವೇ ಹೆಚ್ಚು ನಡೆಯುವಂಥದ್ದು ಎಂದು ನನ್ನ ಅಭಿಪ್ರಾಯ. ಕೀನ್ಯಾದಂಥ ಕಡೆ ಎಂ-ಪೇಸಾ ಮೂಲಕ ಮೊಬೈಲಿನಲ್ಲೇ ಹಣ ಪಡೆದರೆ ಲೆಕ್ಕ ತಾನಾಗಿ ದಾಖಲಾಗುತ್ತದೆ. ಬರವಣಿಗೆಯ ಲೆಕ್ಕವನ್ನಂತೂ ಎಲ್ಲರೆದುರು ಓದಿ ಹೇಳಲೇಬೇಕು, ಏಕೆಂದರೆ ಹಣ ಎಲ್ಲಿ ಹೋಯಿತೆಂಬ ಅನುಮಾನ ಒಮ್ಮೆ ಹುಟ್ಟಿದರೆ ಮರುವರ್ಷ ಯಾರೂ ವಂತಿಗೆ ಕೊಡುವುದಿಲ್ಲ.

ಜಾಗವನ್ನು ಆರಿಸುವಾಗ ಶೌಚಗುಂಡಿ ಹಾಗೂ ದನದ ಕೊಟ್ಟಿಗೆಗಳಿಂದ ಕನಿಷ್ಠ 30 ಮೀಟರ್ ದೂರವಿರಲಿ, ಬಾವಿ ಅವುಗಳಿಗಿಂತ ಎತ್ತರದಲ್ಲಿರಲಿ. ತೋಡುವ ಕೆಲಸವನ್ನು ಬೇಸಿಗೆಯ ಕೊನೆಯಲ್ಲಿ ಮುಗಿಸಬೇಕು. ಅಂತರ್ಜಲ ಅತ್ಯಂತ ಕೆಳಗಿಳಿದಿರುವಾಗ ಸಿಕ್ಕ ನೀರು ವರ್ಷವಿಡೀ ಉಳಿಯುತ್ತದೆ, ಮಳೆಗಾಲದಲ್ಲಿ ಸಿಕ್ಕದ್ದನ್ನು ನಂಬುವಂತಿಲ್ಲ. ಬಾವಿಗೆ ಕಾಂಕ್ರೀಟ್ ರಿಂಗು ಇಳಿಸಿ, ಮೇಲಿನ ಮೂರು ಮೀಟರಿನಷ್ಟು ಭಾಗದ ಸಂದುಗಳನ್ನು ನೀರು ಬಸಿಯದಂತೆ ಮುಚ್ಚಬೇಕು. ಬಾಯಿಗೆ ಮುಚ್ಚಳ, ಸುತ್ತ ಇಳಿಜಾರಾದ ಕಟ್ಟೆ, ಚೆಲ್ಲಿದ ನೀರನ್ನು ಇಂಗುಗುಂಡಿಗೋ ತರಕಾರಿ ಮಡಿಗೋ ಒಯ್ಯುವ ಚರಂಡಿ ಇರಬೇಕು. ಮೆಟ್ಟಿಲಿಳಿದು ನೀರಿಗೆ ಕಾಲಿಡುವ ತೆರೆದ ಬಾವಿ, ಹೊಂಡಗಳಿಂದಲೇ ಒಂದು ಕಾಲದಲ್ಲಿ ನಾರುಹುಣ್ಣು (ಕುಡಿಯುವ ನೀರಿನ ಮೂಲಕ ಮೈ ಸೇರುವ ಹುಳುವಿನ ರೋಗ) ಹರಡುತ್ತಿತ್ತೆಂಬುದನ್ನು ನೆನೆದರೆ ಈ ಮುಚ್ಚಳದ ಬೆಲೆ ತಿಳಿಯುತ್ತದೆ.

ನೀರು ತಿಳಿಯಾಗಿ ಕಂಡ ಮಾತ್ರಕ್ಕೆ ಕುಡಿಯಲು ಯೋಗ್ಯವೆಂದು ಭಾವಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 100 ಮಿಲಿಲೀಟರಿನಲ್ಲಿ ಇ. ಕೊಲಿ (ನೀರಿಗೆ ಮಲ ಸೇರಿರುವುದನ್ನು ತೋರಿಸುವ ಬ್ಯಾಕ್ಟೀರಿಯಾ) ಒಂದೂ ಇರಕೂಡದು, ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಇಥಿಯೋಪಿಯಾ, ಕೀನ್ಯಾ, ಟಾಂಜಾನಿಯಾಗಳನ್ನು ಹಾದುಹೋಗುವ ಬಿರುಕು ಕಣಿವೆಯಲ್ಲಿ (ರಿಫ್ಟ್ ವ್ಯಾಲಿ) ಫ್ಲೋರೈಡಿನ ಪರೀಕ್ಷೆಯನ್ನು ಬಿಡುವಂತೆಯೇ ಇಲ್ಲ, ಏಕೆಂದರೆ ಕುದಿಸಿದರೂ ಅದು ಹೋಗುವುದಿಲ್ಲ.

ಮೊದಲ ಬಳಕೆಗೆ ಮುನ್ನ ಕ್ಲೋರಿನ್ ಹಾಕಬೇಕು. ಒಂದು ಮೀಟರ್ ವ್ಯಾಸದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 2,350 ಲೀಟರು. ಲೀಟರಿಗೆ 50 ಮಿಲಿಗ್ರಾಂ ಲೆಕ್ಕದಲ್ಲಿ, ಶೇ 70ರಷ್ಟು ಕ್ಲೋರಿನ್ ಇರುವ ಪುಡಿ ಸುಮಾರು 170 ಗ್ರಾಂ ಬೇಕಾಗುತ್ತದೆ. ಅದನ್ನು ಬಕೆಟ್ಟಿನಲ್ಲಿ ಕರಗಿಸಿ ಸುರಿದು, 12 ಗಂಟೆ ಯಾರೂ ಮುಟ್ಟದಂತೆ ಬಿಟ್ಟು, ಬಳಿಕ ಕ್ಲೋರಿನ್ನಿನ ಘಾಟು ಹೋಗುವವರೆಗೆ ನೀರನ್ನು ಹೊರಹಾಕಬೇಕು.

ಪಂಪನ್ನು ಆರಿಸುವಾಗ ಬೆಲೆಗಿಂತ ಅದರ ಬಿಡಿಭಾಗ ಹತ್ತಿರದ ಪೇಟೆಯಲ್ಲಿ ಸಿಗುತ್ತದೆಯೇ ಎಂಬುದನ್ನು ನೋಡಬೇಕು. ಸುಮಾರು 45 ಮೀಟರ್ ಆಳದವರೆಗೆ ಆಫ್ರಿದೇವ್ ಎಂಬ ಕೈಪಂಪು ಒಳ್ಳೆಯದು. ಊರವರೇ ಬಿಚ್ಚಿ ದುರಸ್ತಿ ಮಾಡಲಿ ಎಂಬ ಉದ್ದೇಶದಿಂದಲೇ 1980ರ ದಶಕದಲ್ಲಿ ಅದನ್ನು ರೂಪಿಸಿದ್ದು, ಮುಖ್ಯ ಕೊಳವೆಯನ್ನು ಮೇಲೆತ್ತದೆಯೇ ಅದರ ಪಿಸ್ಟನ್ ಮತ್ತು ತಳದ ಕವಾಟವನ್ನು ಹೊರತೆಗೆಯಬಹುದು. ನಮ್ಮ ದೇಶದಿಂದ ಹೋದ ಇಂಡಿಯಾ ಮಾರ್ಕ್ 2 ಕೂಡ ಅಲ್ಲಿ ಬಲು ಬಳಕೆಯಲ್ಲಿದೆ, ಆದರೆ ಅದರ ಕಬ್ಬಿಣದ ಕೊಳವೆಗಳನ್ನು ಎತ್ತಲು ಹೆಚ್ಚು ಜನ, ಹೆಚ್ಚು ಸಲಕರಣೆ ಬೇಕು. ನೀರು ಆಮ್ಲೀಯವಾಗಿರುವಲ್ಲಿ ಸತುವಿನ ಲೇಪವಿರುವ ಕಬ್ಬಿಣದ (ಜಿ.ಐ.) ಪೈಪು ತುಕ್ಕು ಹಿಡಿದು ನೀರು ಕೆಂಪಾಗುತ್ತದೆ, ಜನ ಮತ್ತೆ ಹಳೆಯ ಹೊಂಡಕ್ಕೇ ಹೋಗುತ್ತಾರೆ. ಅಂಥ ಕಡೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲು ಅಥವಾ ಪ್ಲಾಸ್ಟಿಕ್ ಕೊಳವೆಯನ್ನೇ ಕೇಳಿ ಪಡೆಯಬೇಕು.

ಪಂಪು ನೋಡಿಕೊಳ್ಳುವವರು ವಾರಕ್ಕೊಮ್ಮೆ ಬೋಲ್ಟು ಬಿಗಿಮಾಡಿ, ಕಟ್ಟೆಯ ಬಿರುಕಿಗೆ ಸಿಮೆಂಟು ಮೆತ್ತಿ, ಚರಂಡಿ ಬಿಡಿಸಬೇಕು. ವರ್ಷಕ್ಕೊಮ್ಮೆ, ಕೆಟ್ಟಿರಲಿ ಬಿಡಲಿ, ಸೀಲುಗಳನ್ನು ಬದಲಿಸಿ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಬೇಕು. ತಿಂಗಳಿಗೊಮ್ಮೆ ಪಂಪನ್ನು ಅರ್ಧ ಗಂಟೆ ಸುಮ್ಮನೆ ಬಿಟ್ಟು ಮತ್ತೆ ಒತ್ತಿ ನೋಡಿ: ಹಲವು ಸಲ ಹಿಡಿಕೆ ಆಡಿಸಿದ ಮೇಲಷ್ಟೇ ನೀರು ಬಂದರೆ ತಳದ ಕವಾಟವೋ ಕೊಳವೆಯ ಕೀಲೋ ಸೋರುತ್ತಿದೆ, ಮೆಕ್ಯಾನಿಕ್ಕನ್ನು ಅಂದೇ ಕರೆಸಬೇಕು.