ಕರಾಮದಿಂದ ಕುಂಬಳೆಗೆ ಒಂದು ಬಾಟಲಿ

ಡಿಸೆಂಬರ್ ರಜೆಗೆ ಟಿಕೆಟ್ ಆಯ್ತು ಅಂತ ಮನೆಗೆ ಹೇಳಿದರೆ ಸಾಕು, ಅರ್ಧ ಗಂಟೆಯಲ್ಲಿ ಮಾವನ ಫೋನ್ ಬರುತ್ತದೆ. ಅಡಿಕೆ ರೇಟು, ತೋಟದ ಕೆಲಸಕ್ಕೆ ಜನ ಸಿಗದ ಕಷ್ಟ, ಯಾರದೋ ಮನೆಯ ಮದುವೆ ಎಲ್ಲ ಮುಗಿದ ಮೇಲೆ ದನಿ ಸ್ವಲ್ಪ ತಗ್ಗುತ್ತದೆ. "ಮತ್ತೆ... ಬರುವಾಗ ಎಂತಾದ್ರೂ ತರ್ತೀಯಾ ಮಾರಾಯಾ?" ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರ ಕಡೆಯವರಿಗೆ ಈ 'ಎಂತಾದ್ರೂ' ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ತರುವುದು ಕಷ್ಟ ಅಲ್ಲ. ಆದರೆ ದುಬೈಯ ಕರಾಮದ ಅಂಗಡಿಯಿಂದ ಮಾವನ ಜಗಲಿಗೆ ಹೋಗುವಷ್ಟರಲ್ಲಿ ಆ ಮದ್ಯದ ಬಾಟಲಿ ಮೂರು ಕಡೆಯ ಕಾನೂನು ದಾಟಬೇಕು. ಮೊದಲು ಎಮಿರೇಟಿನದು, ಆಮೇಲೆ ಭಾರತದ ಕಸ್ಟಮ್ಸಿನದು, ಕೊನೆಗೆ ಕೇರಳದ ಅಬಕಾರಿಯದು. ಮೂರೂ ಬೇರೆ ಬೇರೆ. ಹೊಸದಾಗಿ ಗಲ್ಫಿಗೆ ಬಂದ ನಮ್ಮೂರ ಹುಡುಗರು ಮೂರನ್ನೂ ಕಲಸಿಬಿಡುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಲ್ಲಿಯ ಲೆಕ್ಕ

ದುಬೈಯಲ್ಲಿ ಮದ್ಯ ಮಾರುವುದು ಪರವಾನಗಿ ಇರುವ ಕೆಲವೇ ಅಂಗಡಿಗಳು. ಎಂಎಂಐ ಮತ್ತು ಆಫ್ರಿಕನ್ ಈಸ್ಟರ್ನ್ ಎಲ್ಲರಿಗೂ ಗೊತ್ತಿರುವ ಹೆಸರು. ಸೂಪರ್ ಮಾರ್ಕೆಟ್ಟಿನ ಶೆಲ್ಫಿನಲ್ಲಿ ಹುಡುಕಬೇಡಿ, ಅಲ್ಲಿ ಬಿಯರ್ ಅಂತ ಕಾಣುವುದೆಲ್ಲ ಆಲ್ಕೋಹಾಲ್ ಇಲ್ಲದ್ದು. 21 ವರ್ಷ ಆಗಿರಬೇಕು, ಮುಸ್ಲಿಮರಾಗಿರಬಾರದು, ಲೈಸೆನ್ಸ್ ಬೇಕು. ಆ ಲೈಸೆನ್ಸಿಗೆ ಮೊದಲು ದುಡ್ಡು ಕೊಡಬೇಕಿತ್ತು. 2023ರ ಜನವರಿಯಿಂದ ಅದು ಉಚಿತ. ಎಮಿರೇಟ್ಸ್ ಐಡಿ ತೋರಿಸಿದರೆ ಅಂಗಡಿಯಲ್ಲೇ ಮಾಡಿಕೊಡುತ್ತಾರೆ. ಅದೇ ಸಮಯಕ್ಕೆ 30% ತೆರಿಗೆಯನ್ನೂ ತೆಗೆದಿದ್ದರು. ಎರಡು ವರ್ಷ ಎಲ್ಲರೂ ಖುಷಿಯಾಗಿದ್ದೆವು. 2025ರ ಜನವರಿ 1ಕ್ಕೆ ಆ ತೆರಿಗೆ ವಾಪಸ್ ಬಂತು.

ಹಾಗಾಗಿ ಊರಿಗೆ ಒಯ್ಯುವುದನ್ನು ಪೇಟೆಯ ಅಂಗಡಿಯಲ್ಲಿ ಕೊಳ್ಳುವ ಮೊದಲು ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯ ರೇಟನ್ನೂ ಒಮ್ಮೆ ನೋಡಿ. ಪೇಟೆಯ ಅಂಗಡಿಯಿಂದ ಉಪಯೋಗ ಇರುವುದು ಆಯ್ಕೆಗೆ. ವೈನ್, ಬೆಲ್ಜಿಯಂ ಬಿಯರ್, ಕಾಕ್‌ಟೇಲ್ ಸಾಮಾನು ಅಲ್ಲಿ ಜಾಸ್ತಿ ಸಿಗುತ್ತವೆ.

ಒಂದು ಮಾತು ಮಾತ್ರ ನೆನಪಿರಲಿ. ನಮ್ಮವರಲ್ಲಿ ಎಷ್ಟೋ ಜನ ಕೆಲಸ ದುಬೈಯಲ್ಲಿ, ಬಾಡಿಗೆ ಮನೆ ಪಕ್ಕದ ಎಮಿರೇಟ್ ಶಾರ್ಜಾದಲ್ಲಿ ಅಂತ ಇದ್ದಾರೆ. ಶಾರ್ಜಾದಲ್ಲಿ ಮದ್ಯ ಪೂರ್ತಿ ನಿಷಿದ್ಧ. ಕಾರಿನ ಡಿಕ್ಕಿಯಲ್ಲಿ, ಮನೆಯ ಕಪಾಟಿನಲ್ಲಿ, ಎಲ್ಲಿಟ್ಟರೂ ತಪ್ಪು. "ನಾಡಿದ್ದು ಊರಿಗೆ ಹೋಗುವುದಲ್ವಾ, ಎರಡು ದಿನ ಮನೆಯಲ್ಲಿರಲಿ" ಅಂತ ತಂದಿಡುವುದು ಬೇಡ. ಇನ್ನು ಕುವೈತ್‌ನಲ್ಲಿರುವವರಿಗೆ ಈ ಪ್ರಶ್ನೆಯೇ ಇಲ್ಲ. ಅವರು ಇಳಿಯುವ ನಿಲ್ದಾಣದಲ್ಲಿ ಡ್ಯೂಟಿ ಫ್ರೀ ಇದ್ದರೆ ಅಲ್ಲೇ ಕೊಳ್ಳಬೇಕು, ಅಷ್ಟೇ.

ಎರಡು ಲೀಟರಿನ ಗಣಿತ

ಭಾರತಕ್ಕೆ ಬರುವ ಪ್ರಯಾಣಿಕ ಸುಂಕ ಇಲ್ಲದೆ ತರಬಹುದಾದ ಮದ್ಯ 2 ಲೀಟರ್. ವಿಸ್ಕಿ, ವೈನ್, ಬಿಯರ್ ಎಲ್ಲ ಸೇರಿ 2 ಲೀಟರ್. "ವೈನ್ ಲೆಕ್ಕಕ್ಕಿಲ್ಲ" ಅಂತ ಯಾರೋ ಹೇಳಿದ್ದನ್ನು ನಂಬಬೇಡಿ. ಇಳಿದ ಮೇಲೆ ಡ್ಯೂಟಿ ಫ್ರೀಯಲ್ಲಿ ಕೊಂಡದ್ದೂ ಇದರೊಳಗೇ ಬರುತ್ತದೆ.

ಈ 2 ಲೀಟರನ್ನು ಹೇಗೆ ತುಂಬಿಸುವುದು ಅನ್ನುವುದೇ ಉಡುಗೊರೆಯ ಅರ್ಧ ಕೆಲಸ. ಲೀಟರಿನ ಬಾಟಲಿ ಎರಡಾದರೆ ಸರಿಯಾಗಿ ಕೂತಿತು. ಅದಕ್ಕೇ ಡ್ಯೂಟಿ ಫ್ರೀಯಲ್ಲಿ ಎರಡರ ಜೋಡಿ ಪ್ಯಾಕ್ ಅಷ್ಟು ಕಾಣುವುದು. 750 ಎಂಎಲ್ ವೈನ್ ಎರಡು ತೆಗೆದುಕೊಂಡರೆ ಒಂದೂವರೆ ಲೀಟರ್, ಇನ್ನೊಂದು ಅರ್ಧ ಲೀಟರಿಗೆ ಜಾಗ ಇದೆ. ಮೂರು ವೈನ್ ಅಂದರೆ 2.25, ಮೀರಿತು. ಬಿಯರ್ ಅರ್ಧ ಲೀಟರಿನ ನಾಲ್ಕು ಕ್ಯಾನ್ ಹಾಕಿದರೆ ಕೋಟಾ ಮುಗಿಯಿತು. ಬರೀ ನಾಲ್ಕು ಕ್ಯಾನ್ ಹಿಡಿದುಕೊಂಡು ಹೋದರೆ ಮಾವ ಮುಖ ನೋಡಿಯಾರು.

ಪ್ಯಾಕಿಂಗಿನ ವಿಷಯ. 70%ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವುದನ್ನು ವಿಮಾನದಲ್ಲಿ ಒಯ್ಯುವಂತಿಲ್ಲ. ಪೇಟೆಯಲ್ಲಿ ಕೊಂಡದ್ದು ಚೆಕ್‌ಇನ್ ಬ್ಯಾಗಿಗೇ ಹೋಗಬೇಕು, ಅದೂ ಸೀಲ್ ಒಡೆಯದ ಬಾಟಲಿ. ಡ್ಯೂಟಿ ಫ್ರೀಯವರು ಸೀಲ್ ಮಾಡಿ ಕೊಟ್ಟ ಚೀಲವನ್ನು ಕೈಯಲ್ಲಿ ಹಿಡಿದುಕೊಳ್ಳಬಹುದು. ನೇರ ವಿಮಾನದಲ್ಲಿ ಮಂಗಳೂರಿಗೋ ಕಣ್ಣೂರಿಗೋ ಬರುವವರಿಗೆ ತಲೆನೋವಿಲ್ಲ. ಮುಂಬೈಯಲ್ಲಿ ಇಳಿದು ಬೇರೆ ವಿಮಾನ ಹತ್ತುವವರು ಕಸ್ಟಮ್ಸ್ ಮುಗಿಸಿದ ಕೂಡಲೇ ಬಾಟಲಿಯನ್ನು ದೊಡ್ಡ ಬ್ಯಾಗಿಗೆ ಸೇರಿಸಿಬಿಡಿ. ಇಲ್ಲದಿದ್ದರೆ ಒಳಗಿನ ಸೆಕ್ಯುರಿಟಿಯಲ್ಲಿ ವಾದ ಮಾಡುತ್ತಾ ನಿಲ್ಲಬೇಕಾದೀತು. ಸುತ್ತುವುದಕ್ಕೆ ಬಬಲ್ ರ‍್ಯಾಪ್ ಎಲ್ಲ ಬೇಡ. ಎರಡು ಲುಂಗಿ, ಒಂದು ಟವೆಲ್ ಸಾಕು. ಡೋರ್ ಟು ಡೋರ್ ಕಾರ್ಗೋ ಡಬ್ಬದಲ್ಲಿ ಮಾತ್ರ ಬಾಟಲಿ ಹಾಕಬೇಡಿ. ಹಾಲಿನ ಪುಡಿ, ಟ್ಯಾಂಗ್ ಹೋದ ಹಾಗೆ ಅದು ಹೋಗುವುದಿಲ್ಲ.

ತಲಪಾಡಿ ದಾಟಿದ ಮೇಲೆ

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ಕೆಲವು ವರ್ಷಗಳ ಹಿಂದೆ ಮಂಗಳೂರಲ್ಲಿ ಇಳಿದು, ಪಕ್ಕದ ಮನೆಯ ಇಕ್ಕನ (ಮುಸ್ಲಿಂ ಅಣ್ಣನ) ಟ್ಯಾಕ್ಸಿಯಲ್ಲಿ ಹೊರಟಿದ್ದೆ. ಕೇರಳ ಗಡಿಯ ತಲಪಾಡಿ ದಾಟಿ ಸ್ವಲ್ಪ ಮುಂದೆ ಅಬಕಾರಿಯವರು ಕೈ ಅಡ್ಡ ಹಿಡಿದರು. ಡಿಕ್ಕಿ ತೆಗೆಸಿದರು. ಬ್ಯಾಗಿನಲ್ಲಿ ಎರಡು ಬಾಟಲಿ. "ಬಿಲ್ಲುಂಡೋ?" ಅಂತ ಕೇಳಿದರು. ಬಿಲ್ಲು ಇತ್ತು, ಆದರೆ ಎಲ್ಲಿ? ಪಾಸ್‌ಪೋರ್ಟಿನ ಒಳಗೆ ಇಲ್ಲ, ಪರ್ಸಿನಲ್ಲಿ ಇಲ್ಲ. ಇಪ್ಪತ್ತು ನಿಮಿಷ ರಸ್ತೆ ಬದಿಯಲ್ಲಿ ಬ್ಯಾಗ್ ಬಿಚ್ಚಿ ಕೂತೆ. ಅಮ್ಮನಿಗೆ ತಂದ ನೈಟಿ, ಮಕ್ಕಳ ಚಾಕಲೇಟು ಎಲ್ಲ ಹೊರಗೆ. ಕೊನೆಗೆ ಸಿಕ್ಕಿದ್ದು ಖರ್ಜೂರದ ಡಬ್ಬದ ಕೆಳಗೆ. ಕುಡಿಯದ ಇಕ್ಕ ಪಾಪ ಅಷ್ಟೂ ಹೊತ್ತು ನನಗೋಸ್ಕರ ಕಾದು ನಿಂತಿದ್ದರು. ಅವರ ಹತ್ತಿರ ಈಗಲೂ ಆ ವಿಷಯಕ್ಕೆ ಮುಖ ಕೊಡುವುದಕ್ಕೆ ನಾಚಿಕೆ. ಅವತ್ತಿನಿಂದ ಬಿಲ್ಲು, ಬೋರ್ಡಿಂಗ್ ಪಾಸ್ ಎರಡೂ ಷರ್ಟಿನ ಕಿಸೆಯಲ್ಲಿ.

ಕೇರಳದಲ್ಲಿ ಒಬ್ಬರ ಹತ್ತಿರ ವಿದೇಶದಲ್ಲಿ ತಯಾರಾದ ಮದ್ಯ ಎರಡೂವರೆ ಲೀಟರ್ ತನಕ ಇರಬಹುದು. ನಮ್ಮ 2 ಲೀಟರ್ ಅದರೊಳಗೆ ಆರಾಮಾಗಿ ಕೂರುತ್ತದೆ. ಐಎಂಎಫ್‌ಎಲ್ (ಭಾರತದಲ್ಲೇ ತಯಾರಾದ ವಿಸ್ಕಿ, ಬ್ರಾಂಡಿಯಂಥದ್ದು) ಆದರೆ 3 ಲೀಟರ್, ಬಿಯರ್ ಮೂರೂವರೆ, ವೈನ್ ಮೂರೂವರೆ. ಆದರೆ ಮಂಗಳೂರಿನ ವೈನ್ ಶಾಪಿನಲ್ಲಿ ಕೊಂಡ ಬಾಟಲಿ ಬೇರೆ ಮಾತು. ಅದಕ್ಕೆ ಕೇರಳದ ತೆರಿಗೆ ಕಟ್ಟಿರುವುದಿಲ್ಲ. ತೊಕ್ಕೊಟ್ಟಿನಲ್ಲಿ ಇಳಿದು "ಇದೂ ಒಂದು ಇರಲಿ" ಅಂತ ಹಾಕಿಕೊಂಡರೆ ಡ್ಯೂಟಿ ಫ್ರೀ ಬಾಟಲಿಯ ಬಿಲ್ಲು ಅದನ್ನು ಕಾಯುವುದಿಲ್ಲ. ಕಾಸರಗೋಡಿನ ಪೇಪರಿನಲ್ಲಿ ಕರ್ನಾಟಕದ ಮದ್ಯ ಹಿಡಿದ ಸುದ್ದಿ ಎಷ್ಟು ಸಲ ಓದಿದ್ದೀರಿ ಅಂತ ನೆನಪು ಮಾಡಿಕೊಳ್ಳಿ.

ಇನ್ನೊಂದು ಅಭ್ಯಾಸ ನಮ್ಮಲ್ಲಿ ಇದೆ. ತಂದದ್ದರಲ್ಲಿ ಒಂದನ್ನು ಪಕ್ಕದವರಿಗೆ 'ತಂದ ರೇಟಿಗೇ' ಕೊಡುವುದು. ಲಾಭ ಇಲ್ಲದಿದ್ದರೂ ದುಡ್ಡು ತೆಗೆದುಕೊಂಡರೆ ಅದು ಮಾರಾಟ. ಲೈಸೆನ್ಸ್ ಇಲ್ಲದ ಮಾರಾಟ. ಕೊಡುವುದಾದರೆ ಸುಮ್ನೆ ಕೊಡಿ. ಹಾಗೇ 23 ತುಂಬದ ಅಳಿಯನಿಗೆ ಬೇಡ, ಕೇರಳದಲ್ಲಿ ವಯಸ್ಸು ದುಬೈಗಿಂತ ಎರಡು ವರ್ಷ ಜಾಸ್ತಿ.

ಇಷ್ಟೆಲ್ಲ ಪಾಡು ಯಾಕೆ, ಊರಲ್ಲೇ ಕೊಳ್ಳಬಾರದಾ? ಕೊಳ್ಳಬಹುದು. ಊರಲ್ಲಿ ಬಾಟಲಿ ಮಾರುವುದು ಸರಕಾರದ ಬೀವರೇಜ್ ಕಾರ್ಪೊರೇಷನ್, ಜೊತೆಗೆ ಕನ್ಸ್ಯೂಮರ್‌ಫೆಡ್. ಆದರೆ ಅಲ್ಲಿ ಐಎಂಎಫ್‌ಎಲ್ ಮೇಲಿನ ತೆರಿಗೆ 200% ಮೀರುತ್ತದೆ. ಮತ್ತೆ ಪ್ರತಿ ತಿಂಗಳ 1ನೇ ತಾರೀಕು ಅಂಗಡಿ ಬಂದ್. ಜನವರಿ 1 ಕೂಡ 1ನೇ ತಾರೀಕೇ ಅಲ್ವಾ? ಅದಕ್ಕೇ ಡಿಸೆಂಬರ್ 31ರ ಸಂಜೆ ಆ ಕ್ಯೂ ಅಷ್ಟು ಉದ್ದ ಇರುವುದು. ಹೊಸ ವರ್ಷದ ದಿನ ನೀವು ಕೊಟ್ಟ ಬಾಟಲಿಗೆ ಬೆಲೆ ಬರುವುದೂ ಅದಕ್ಕೇ.

ಯಾರಿಗೆ ಏನು

ಮಾವನಂಥವರು ಬ್ರಾಂಡಿಯ ಜನ. ಕೇರಳದಲ್ಲಿ ಬ್ರಾಂಡಿಯೂ ರಮ್ಮೂ ಜಾಸ್ತಿ ಓಡುತ್ತವೆ, ನಮ್ಮ ಹಿರಿಯರ ನಾಲಿಗೆಯೂ ಅದಕ್ಕೇ ಒಗ್ಗಿದೆ. ಗಲ್ಫಿನಿಂದ ಬಂದವರೆಲ್ಲ ಅವರಿಗೆ ಸ್ಕಾಚ್ ಕೊಡುತ್ತಾರೆ, ಅವರು ಮರ್ಯಾದೆಗೆ ಚೆನ್ನಾಗಿದೆ ಅನ್ನುತ್ತಾರೆ. ಕೊಡಬೇಕಾದ್ದು ಕೋನ್ಯಾಕ್. ಊರಿನ ಬ್ರಾಂಡಿ ಹೆಚ್ಚಾಗಿ ಕಬ್ಬಿನ ಕಾಕಂಬಿಯ ಸ್ಪಿರಿಟ್ಟಿನಿಂದ ಆದದ್ದು. ಕೋನ್ಯಾಕ್ ಅಂದರೆ ಫ್ರಾನ್ಸಿನ ಆ ಊರಿನ ಸುತ್ತಿನ ದ್ರಾಕ್ಷಿಯದ್ದೇ, ಓಕ್ ಮರದ ಪೀಪಾಯಿಯಲ್ಲಿ ಕೂತದ್ದು. ಲೇಬಲ್ಲಿನಲ್ಲಿ ವಿಎಸ್ ಅಂದರೆ ಕಡಿಮೆ ಎಂದರೂ 2 ವರ್ಷ, ವಿಎಸ್‌ಒಪಿ 4 ವರ್ಷ, ಎಕ್ಸ್‌ಒ 10 ವರ್ಷ. ವಿಎಸ್‌ಒಪಿ ಸಾಕು. ಎಕ್ಸ್‌ಒ ಕೊಟ್ಟರೂ ಮಾವ ಅದಕ್ಕೆ ಬಿಸಿನೀರು ಹಾಕಿಯೇ ಕುಡಿಯುವುದು. ಸ್ಕಾಚ್ ಬೇಕೇ ಬೇಕು ಅನ್ನುವ ಭಾವನಿಗೂ ಇದೇ ಮಾತು. ಸೋಡಾ ಬೆರೆಸುವವರಿಗೆ 12 ವರ್ಷದ್ದು ಧಾರಾಳ. 18 ವರ್ಷದ್ದನ್ನು ಖಾರದ ಕಡಲೆ ಜೊತೆ ಮುಗಿಸಿದರೆ ಹೊಟ್ಟೆ ಉರಿಯುವುದು ಕೊಟ್ಟ ನಿಮಗೇ.

ವೈನ್ ಕ್ರಿಸ್ಮಸ್ಸಿಗೆ ಚೆಂದ. ಬೇಳದಲ್ಲೋ ಕಯ್ಯಾರಿನಲ್ಲೋ ಕೊಂಕಣಿ ಕ್ರಿಶ್ಚಿಯನ್ ಸ್ನೇಹಿತರಿದ್ದರೆ ಅವರ ಮನೆಗೆ ಒಯ್ಯಿರಿ. ಆದರೆ ನಮ್ಮೂರಲ್ಲಿ ವೈನ್ ಅಂದರೆ ಸಿಹಿ ಇರಬೇಕು. ದುಬೈಯಲ್ಲಿ ಯಾರೋ ಹೊಗಳಿದರು ಅಂತ ಒಗರು ಕೆಂಪು ವೈನ್ ಕೊಟ್ಟರೆ ಒಂದು ಗುಟುಕಿಗೆ ಗ್ಲಾಸ್ ಕೆಳಗಿಡುತ್ತಾರೆ. ಪೋರ್ಚುಗಲ್ಲಿನ ಅಸಲಿ ಪೋರ್ಟ್ ನೋಡಿ, ಟಾನಿ ಅಂತ ಬರೆದಿರುವುದು. ಸಿಹಿ ಇದೆ, ಸುಮಾರು 20% ಆಲ್ಕೋಹಾಲ್ ಇರುವುದರಿಂದ ತೆರೆದ ಮೇಲೂ ಕೆಲವು ವಾರ ಕೆಡುವುದಿಲ್ಲ. ಸಾಧಾರಣ ವೈನ್ ಮೂರು-ನಾಲ್ಕು ದಿನದಲ್ಲಿ ಹುಳಿಯಾಗುತ್ತದೆ. ಹಂಚಿನ ಮನೆಯ ಅಟ್ಟದಲ್ಲಿ ಇಡಬೇಡಿ ಅಂತಲೂ ಹೇಳಿ ಕೊಡಿ. ಏಪ್ರಿಲ್ ಸೆಕೆಗೆ ವೈನ್ ಬೆಂದೇ ಹೋಗುತ್ತದೆ. ಕ್ರಿಸ್ಮಸ್ಸಿಗೆ ಮನೆಯಲ್ಲೇ ಮಾಡಿದ ವೈನ್ ರುಚಿಯಾಗಿರುತ್ತದೆ, ನಿಜ. ಆದರೆ ಲೈಸೆನ್ಸ್ ಇಲ್ಲದೆ ಮಾಡುವುದು ತಪ್ಪು ಅಂತ 2019ರಲ್ಲಿ ಕೇರಳದ ಅಬಕಾರಿ ಇಲಾಖೆ ಎಚ್ಚರಿಸಿತ್ತು. ಅದನ್ನು ಬಾಟಲಿ ತುಂಬಿಸಿ ದುಬೈಗೆ ಒಯ್ಯುವ ಯೋಚನೆ ಬಿಡಿ.

ಬಿಯರ್ ಪ್ರಿಯ ತಮ್ಮನಿಗೆ ಬೆಲ್ಜಿಯಂನ 330 ಎಂಎಲ್ ಬಾಟಲಿ ಆರು. ಆರೂ ಬೇರೆ ಬೇರೆ ತೆಗೆದುಕೊಳ್ಳಿ, ಒಟ್ಟು 1.98 ಲೀಟರ್. ಕೋಟಾ ಪೂರ್ತಿ ಅವನಿಗೇ ಹೋಯಿತು ಅನ್ನುವುದು ಬೇರೆ. ಹೆಂಡತಿಯೂ ಜೊತೆಗೆ ಬರುತ್ತಿದ್ದರೆ ಅವಳದ್ದೂ 2 ಲೀಟರ್ ಇದೆ ಅಂತ ನೆನಪಿರಲಿ, ಕೇಳುವಾಗ ಮಾತ್ರ ಸಮಯ ನೋಡಿ ಕೇಳಿ.

ಬಾಟಲಿ ಇಲ್ಲದ ಉಡುಗೊರೆ

ನನ್ನನ್ನು ಕೇಳಿದರೆ ಇವೇ ಒಳ್ಳೆಯವು. ಬಿಲ್ಲು ಹುಡುಕುವ ಪಾಡಿಲ್ಲ, ಕೋಟಾ ಇಲ್ಲ. ಕಾಕ್‌ಟೇಲ್ ಕಲಿಯುತ್ತಿರುವ ಮಂಗಳೂರಿನ ಅಳಿಯನಿಗೆ ಸ್ಟೀಲಿನ ಶೇಕರ್, ದೊಡ್ಡ ಚೌಕದ ಐಸ್ ಬರುವ ಸಿಲಿಕಾನ್ ಟ್ರೇ. ದೊಡ್ಡ ಐಸ್ ನಿಧಾನ ಕರಗುತ್ತದೆ, ನಮ್ಮ ಸೆಕೆಗೆ ಹೇಳಿ ಮಾಡಿಸಿದ್ದು. ವೈನ್ ಕುಡಿಯುವ ಮನೆಗೆ ಒಳ್ಳೆಯ ಕಾರ್ಕ್ ತೆಗೆಯುವ ತಿರುಪು, ಯಾಕೆಂದರೆ ಊರಲ್ಲಿ ಈಗಲೂ ಕಾರ್ಕನ್ನು ಚಮಚದ ಹಿಡಿಯಿಂದ ಒಳಗೇ ತಳ್ಳುವವರಿದ್ದಾರೆ. ಅದರಲ್ಲಿ ಸಣ್ಣ ಚೂರಿ ಇರುತ್ತದೆ, ಕೈಚೀಲದಲ್ಲಿ ಇಡಬೇಡಿ. ಕಾಕ್‌ಟೇಲಿಗೆ ಹನಿಹನಿಯಾಗಿ ಹಾಕುವ ಆಂಗೊಸ್ಟುರಾ ಬಿಟರ್ಸಿನ ಪುಟ್ಟ ಬಾಟಲಿ ಕೊಟ್ಟರೆ ವರ್ಷಗಟ್ಟಲೆ ಬರುತ್ತದೆ. ಅದರಲ್ಲೂ 44.7% ಆಲ್ಕೋಹಾಲ್ ಇದೆ, ಹಾಗಾಗಿ ಅದನ್ನೂ ಲೆಕ್ಕಕ್ಕೆ ಹಿಡಿದು ದೊಡ್ಡ ಬ್ಯಾಗಿಗೆ ಹಾಕಿ.

ಮಾವನಿಗೆ ಹೋದ ವರ್ಷ 30-60 ಎಂಎಲ್ ಅಳೆಯುವ ಪುಟ್ಟ ಲೋಟ, ಜಿಗ್ಗರ್, ಕೊಟ್ಟಿದ್ದೆ, ಕಣ್ಣಂದಾಜಿನ ಪೆಗ್ಗು ಸ್ವಲ್ಪ ಇಳಿಯಲಿ ಅಂತ. ಈಗ ಅದು ಅತ್ತೆಯ ವಶದಲ್ಲಿದೆ. ಅವರು ಅದರಲ್ಲಿ ಮಾವನ ಕಷಾಯ ಅಳೆಯುತ್ತಾರೆ.

ಊರಿನ ರುಚಿಯನ್ನೂ ಸೇರಿಸಿಕೊಳ್ಳಿ. ಪುನರ್ಪುಳಿ (ಕೋಕಂ) ಸಿರಪ್ ಜಿನ್ನಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂತ ಮಾಡಿದವರಿಗೇ ಗೊತ್ತು. 60 ಎಂಎಲ್ ಜಿನ್, 20 ಎಂಎಲ್ ಸಿರಪ್, ಅರ್ಧ ಲಿಂಬೆ, ಚಿಟಿಕೆ ಉಪ್ಪು, ಮೇಲೆ ಸೋಡಾ. ಒಂದು ಗಾಂಧಾರಿ ಮೆಣಸನ್ನು ಸೀಳಿ ಹಾಕಿದರೆ ನಂಚಿಕೊಳ್ಳುವ ಟಚ್ಚಿಂಗ್ಸೇ ಬೇಡ. ಜಿನ್ ಇಲ್ಲದೆಯೂ ಅದು ಚೆನ್ನಾಗಿರುತ್ತದೆ, ಅಮ್ಮನಿಗೂ ಇಕ್ಕನಿಗೂ ಒಂದೊಂದು ಗ್ಲಾಸ್ ಕೊಡಬಹುದು.

ವಾಪಸ್ ಬರುವಾಗ ದುಬೈಯ ಆಫೀಸ್ ಗೆಳೆಯರಿಗೂ ಏನಾದರೂ ಬೇಕಲ್ಲ. ದುಬೈ ಕಸ್ಟಮ್ಸ್ 4 ಲೀಟರ್ ಮದ್ಯ ಬಿಡುತ್ತದೆ, ಆದರೆ ಒಯ್ಯುವಂಥದ್ದು ಗೋಡಂಬಿಯೂ ಪುನರ್ಪುಳಿಯೂ. ಕಳ್ಳು ಬೇಡ, ಅದು ಬಾಟಲಿಯೊಳಗೇ ಉಕ್ಕುತ್ತಿರುತ್ತದೆ. ಇನ್ನು ಅತ್ತೆ ಪ್ರೀತಿಯಿಂದ ಕಟ್ಟಿಕೊಡುವ ಪೊಟ್ಟಣಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ. ಅದರಲ್ಲಿ ಗಸಗಸೆ ಇದ್ದರೆ ತೆಗೆದಿಡಿ. ಯುಎಇಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ನಾಲ್ಕು ಬಾಟಲಿ ವಿಸ್ಕಿ ತಾರದ ತೊಂದರೆಯನ್ನು ಒಂದು ಹಿಡಿ ಗಸಗಸೆ ತರುತ್ತದೆ. ಅದರ ಪಾಯಸವನ್ನು ಊರಲ್ಲಿ ಇರುವವರೇ ಕುಡಿಯಲಿ, ನೀವು ಕುಡಿಯದೆ ವಿಮಾನ ಹತ್ತಿ.